ನೀರಿನ ಲೆಕ್ಕ ಬರೆದ ಮೈಕೆಲ್ ಫ್ಯಾರಡೆ

ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಸೈನ್ಸ್ ವಿಭಾಗದ ನನ್ನ ಗೆಳತಿ ಒಂದು ಮಾದರಿ ಇಟ್ಟಿದ್ದಳು. ಗಾಜಿನ ಲೋಟದಲ್ಲಿ ನೀರು, ನೀರಿಗೆ ಒಂದು ಚಮಚ ಅಡುಗೆ ಸೋಡಾ, ಅದರೊಳಗೆ ಬ್ಯಾಟರಿಗೆ ಜೋಡಿಸಿದ ಎರಡು ಕಬ್ಬಿಣದ ಮೊಳೆಗಳು. ಮೊಳೆಗಳಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಎಂದು ಅವಳು ಬಂದವರಿಗೆಲ್ಲ ವಿವರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೀರು ಕಂದು ಬಣ್ಣಕ್ಕೆ ತಿರುಗಿತು. ಒಂದು ಮೊಳೆ ತುಕ್ಕು ಹಿಡಿದು ಹಾಳಾಗಿತ್ತು. ಪ್ಲಾಟಿನಮ್ ತಂತಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ರಸಾಯನಶಾಸ್ತ್ರದ ಸರ್ ಹೇಳಿದರು.

ನಾನು ಕಾಮರ್ಸ್ ವಿದ್ಯಾರ್ಥಿನಿ. ನನಗೆ ಮೊದಲು ಬಂದ ಪ್ರಶ್ನೆ ಬೆಲೆಯದು. ಪ್ಲಾಟಿನಮ್ ಅಷ್ಟು ದುಬಾರಿಯಾದರೆ ಅಗ್ಗದ ಲೋಹ ಯಾಕೆ ಸಾಧ್ಯವಿಲ್ಲ? ಸರ್ ನಕ್ಕು, ಇಡೀ ಪ್ರಪಂಚ ಈಗ ಅದನ್ನೇ ಕೇಳುತ್ತಿದೆ, ಮೊದಲು ಫ್ಯಾರಡೆಯ ಜೀವನ ಓದು ಎಂದರು. ಓದಿದೆ. ಓದಿದ್ದನ್ನು ನನ್ನ ಕಾಮರ್ಸ್ ಭಾಷೆಯಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ನಗರದ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರರು. ಅವರ ಆರೋಗ್ಯ ಸರಿ ಇರಲಿಲ್ಲ, ಎಷ್ಟೋ ದಿನ ಕುಲುಮೆಯ ಮುಂದೆ ನಿಲ್ಲಲೂ ಆಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. 1801ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ವಿಪರೀತ ಏರಿತು. ಆಗ ಹತ್ತು ವರ್ಷವೂ ತುಂಬದ ಮೈಕೆಲ್ ಪಾಲಿಗೆ ವಾರಕ್ಕೆ ಒಂದೇ ಬ್ರೆಡ್ ಸಿಗುತ್ತಿತ್ತಂತೆ. ಶಾಲೆಯಲ್ಲಿ ಕಲಿತದ್ದು ಓದು, ಬರಹ ಮತ್ತು ಸ್ವಲ್ಪ ಲೆಕ್ಕ ಮಾತ್ರ. ದೊಡ್ಡ ಗಣಿತ ಅವರಿಗೆ ಜೀವನಪೂರ್ತಿ ಬರಲಿಲ್ಲ.

1804ರಲ್ಲಿ ಅವರು ಜಾರ್ಜ್ ರಿಬೋ ಎಂಬವರ ಪುಸ್ತಕದ ಅಂಗಡಿಯಲ್ಲಿ ಕೆಲಸದ ಹುಡುಗನಾಗಿ ಸೇರಿದರು. ಮನೆಮನೆಗೆ ಪತ್ರಿಕೆ ತಲುಪಿಸುವುದು ಅವರ ಕೆಲಸ. ಹುಡುಗನ ನಿಯತ್ತು ನೋಡಿದ ರಿಬೋ ಮರುವರ್ಷ ಶುಲ್ಕವಿಲ್ಲದೆ ಬೈಂಡಿಂಗ್ ಕೆಲಸ ಕಲಿಸಲು ಇಟ್ಟುಕೊಂಡರು. ಏಳು ವರ್ಷದ ಕರಾರು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಹೊಲಿಯುವುದರ ಜೊತೆಗೆ ಫ್ಯಾರಡೆ ಓದುತ್ತಲೂ ಇದ್ದರು. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ ಕುರಿತ ಬರಹ ಮತ್ತು ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಅವರ ಮನಸ್ಸನ್ನು ಹಿಡಿದವು. ಆ ಪುಸ್ತಕ ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ ಸುಲಭ ಭಾಷೆಯಲ್ಲಿ ಬರೆದದ್ದು. ಕಾಲೇಜು ಕಾಣದ ಹುಡುಗನಿಗೆ ಅದೇ ಕಾಲೇಜಾಯಿತು.

1810ರಲ್ಲಿ ತಂದೆ ತೀರಿಕೊಂಡರು. ಅದೇ ಕಾಲದಲ್ಲಿ ಲಂಡನ್ನಿನ ಜಾನ್ ಟಾಟಮ್ ಎಂಬವರು ತಮ್ಮ ಮನೆಯಲ್ಲಿ ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದರು. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಬೈಂಡಿಂಗ್ ಕಲಿಯುವ ಹುಡುಗನ ಜೇಬಿನಲ್ಲಿ ಶಿಲ್ಲಿಂಗ್ ಎಲ್ಲಿಂದ ಬರಬೇಕು? ಅದನ್ನು ಕೊಟ್ಟದ್ದು ಅವರ ಅಣ್ಣ ರಾಬರ್ಟ್. ರಾಬರ್ಟ್ ಕೂಡ ತಂದೆಯಂತೆ ಕಮ್ಮಾರ. ತಾನು ಕಬ್ಬಿಣ ಬಡಿದು ಗಳಿಸಿದ ಹಣದಲ್ಲಿ ತಮ್ಮನನ್ನು ಉಪನ್ಯಾಸಕ್ಕೆ ಕಳುಹಿಸಿದ.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಭಾಯಿಜಾನ್ ಎಸ್ಸೆಸ್ಸೆಲ್ಸಿ ಆದಮೇಲೆ ಓದು ನಿಲ್ಲಿಸಿ ವೆಲ್ಡಿಂಗ್ ಅಂಗಡಿಗೆ ಸೇರಿದ. ನನ್ನ ಕಾಲೇಜಿನ ಫೀಸು ಅವನ ವಾರದ ಪಗಾರದಿಂದ ಬರುತ್ತದೆ. ಫ್ಯಾರಡೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ರಾಬರ್ಟನಿಗೆ ಸಿಗುವುದು ಒಂದು ಅಥವಾ ಎರಡು ಸಾಲು ಅಷ್ಟೇ. ಆದರೆ ಆ ಶಿಲ್ಲಿಂಗ್‌ಗಳು ಇಲ್ಲದಿದ್ದರೆ ಮುಂದಿನ ಕಥೆ ಬಹುಶಃ ಬೇರೆಯೇ ಆಗುತ್ತಿತ್ತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಫ್ಯಾರಡೆಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನ ನಾಲ್ಕು ಉಪನ್ಯಾಸಗಳ ಟಿಕೆಟ್ ಕೊಟ್ಟರು. ಉಪನ್ಯಾಸ ಕೊಡುತ್ತಿದ್ದವರು ಆ ಕಾಲದ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿ. ವಿದ್ಯುತ್ ಹರಿಸಿ ಸೋಡಿಯಂ, ಪೊಟ್ಯಾಸಿಯಂ ಲೋಹಗಳನ್ನು ಮೊದಲ ಬಾರಿ ಬೇರ್ಪಡಿಸಿದವರು ಅವರು. ಫ್ಯಾರಡೆ ಕೇಳಿದ್ದನ್ನೆಲ್ಲ ಶುದ್ಧವಾಗಿ ಬರೆದು, ಚಿತ್ರ ಬಿಡಿಸಿ, ತಾವೇ ಬೈಂಡ್ ಮಾಡಿ ಪುಸ್ತಕ ಮಾಡಿದರು. ಮುನ್ನೂರಕ್ಕೂ ಹೆಚ್ಚು ಪುಟ. ಕೆಲಸ ಕೇಳಿ ಡೇವಿಯವರಿಗೆ ಪತ್ರ ಬರೆದಾಗ ಜೊತೆಗೆ ಈ ಪುಸ್ತಕವನ್ನೂ ಕಳುಹಿಸಿದರು. ಅಂಕಪಟ್ಟಿ ಇಲ್ಲದವರಿಗೆ ಅದೇ ಅಂಕಪಟ್ಟಿ.

ಅದೇ ವರ್ಷ ಅವರು ಸ್ವಂತ ಬ್ಯಾಟರಿ ಕೂಡ ಮಾಡಿದರು. ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯಗಳು, ಅದೇ ಅಳತೆಗೆ ಕತ್ತರಿಸಿದ ಏಳು ಸತುವಿನ ಬಿಲ್ಲೆಗಳು, ಮಧ್ಯೆ ಮಧ್ಯೆ ಉಪ್ಪುನೀರಲ್ಲಿ ನೆನೆಸಿದ ಕಾಗದ. ಈ ಚಿಲ್ಲರೆ ಕಾಸಿನ ಬ್ಯಾಟರಿಯಿಂದ ಎಪ್ಸಮ್ ಲವಣದ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ತಂತಿಗಳ ಮೇಲೆ ಗುಳ್ಳೆಗಳು ಎದ್ದವು. ನಮ್ಮ ವಸ್ತುಪ್ರದರ್ಶನದ ಲೋಟದಲ್ಲಿ ಕಂಡಂಥ ಗುಳ್ಳೆಗಳೇ.

ನೀರನ್ನು ವಿದ್ಯುತ್ತಿನಿಂದ ಒಡೆದವರಲ್ಲಿ ಫ್ಯಾರಡೆ ಮೊದಲಿಗರಲ್ಲ ಎಂಬುದನ್ನೂ ಹೇಳಬೇಕು. 1800ರಲ್ಲಿ ಲಂಡನ್ನಿನ ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ಅದನ್ನು ಮಾಡಿ ತೋರಿಸಿದ್ದರು. ಅವರು ಮೊದಲು ಬಳಸಿದ್ದು ಹಿತ್ತಾಳೆಯ ತಂತಿ. ಒಂದು ತಂತಿಯಿಂದ ಹೈಡ್ರೋಜನ್ ಬಂತು. ಇನ್ನೊಂದರಿಂದ ಆಮ್ಲಜನಕ ಹೊರಗೆ ಬರಲಿಲ್ಲ, ಅದು ತಂತಿಯನ್ನೇ ತಿಂದುಹಾಕುತ್ತಿತ್ತು. ಪ್ಲಾಟಿನಮ್ ತಂತಿ ಹಾಕಿದ ಮೇಲೆ ಎರಡೂ ಅನಿಲಗಳು ಬಂದವು. ನನ್ನ ಗೆಳತಿಯ ಮೊಳೆಯ ಸಮಸ್ಯೆ ಎರಡು ಶತಮಾನಕ್ಕೂ ಹಳೆಯದು!

1813ರ ಮಾರ್ಚ್ 1ರಂದು ಡೇವಿಯವರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಕಟ್ಟಡದ ಮೇಲ್ಭಾಗದಲ್ಲಿ ಎರಡು ಕೋಣೆ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸಕ್ಕೆ ಹೋದರು. ಅಲ್ಲಿ ವೋಲ್ಟಾ, ಆಂಪೇರ್ ಮುಂತಾದ ದೊಡ್ಡ ವಿಜ್ಞಾನಿಗಳನ್ನು ಕಣ್ಣಾರೆ ಕಂಡರು. ಆದರೆ ಡೇವಿಯವರ ಪತ್ನಿ ಅವರನ್ನು ಮನೆಯ ಆಳಿನಂತೆ ನಡೆಸಿಕೊಂಡರು. ಫ್ಯಾರಡೆಗೆ ಬಹಳ ನೋವಾಯಿತು, ಬಿಟ್ಟುಬರುವ ಯೋಚನೆಯೂ ಬಂತು. ಆದರೂ ಕಲಿಯುವುದನ್ನು ಬಿಡಲಿಲ್ಲ.

1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆಯಾಯಿತು. ಮಕ್ಕಳಾಗಲಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ ಕಟ್ಟಡದ ಮೇಲೆ ಮನೆ, ಕೆಳಗೆ ನೆಲಮಾಳಿಗೆಯಲ್ಲಿ ಪ್ರಯೋಗಾಲಯ. ಹತ್ತಾರು ವರ್ಷ ಹೀಗೆಯೇ ಕಳೆಯಿತು. 1824ರಲ್ಲಿ ಅವರನ್ನು ರಾಯಲ್ ಸೊಸೈಟಿಯ ಸದಸ್ಯರನ್ನಾಗಿ ಆರಿಸಲಾಯಿತು. ಅದನ್ನು ವಿರೋಧಿಸಿದವರು ಬೇರೆ ಯಾರೂ ಅಲ್ಲ, ಗುರು ಡೇವಿಯವರೇ. ಶಿಷ್ಯನ ಹೆಸರು ಗುರುವಿನ ಹೆಸರಿನ ಹತ್ತಿರಕ್ಕೆ ಬರುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1831ರ ಆಗಸ್ಟ್ 29ರಂದು ಫ್ಯಾರಡೆ ಒಂದು ಕಬ್ಬಿಣದ ಉಂಗುರಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ, ತೆಗೆದ ಕ್ಷಣ, ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹುಟ್ಟಿತು. ಎರಡು ತಿಂಗಳೊಳಗೆ ಸುರುಳಿಯ ಒಳಗೆ ಅಯಸ್ಕಾಂತ ಆಡಿಸಿ ವಿದ್ಯುತ್ ಬರಿಸಿದರು, ಅಯಸ್ಕಾಂತದ ಮಧ್ಯೆ ತಾಮ್ರದ ತಟ್ಟೆ ತಿರುಗಿಸಿಯೂ ಬರಿಸಿದರು. ಇಂದು ಅಣೆಕಟ್ಟಿನ ಜನರೇಟರ್ ಆಗಲಿ, ಗುಡ್ಡದ ಮೇಲಿನ ಗಾಳಿಯಂತ್ರ ಆಗಲಿ, ತಿರುಗುವುದು ಇದೇ ತತ್ವದ ಮೇಲೆ. ಅದಕ್ಕೆ ಮೊದಲು ವಿದ್ಯುತ್ ಬೇಕೆಂದರೆ ಬ್ಯಾಟರಿಯಲ್ಲಿ ಸತುವನ್ನು ಕರಗಿಸಬೇಕಿತ್ತು. ಅದು ದುಬಾರಿ. ಅಷ್ಟು ಖರ್ಚು ಮಾಡಿ ನೀರು ಒಡೆಯುವುದು ಪ್ರಯೋಗಾಲಯದ ಆಟ ಮಾತ್ರ ಆಗಿತ್ತು.

ಮುಂದಿನ ಎರಡು ಮೂರು ವರ್ಷ ಫ್ಯಾರಡೆ ನೀರಿನ ಕಡೆಗೆ ತಿರುಗಿದರು. ಎಷ್ಟು ವಿದ್ಯುತ್ ಹರಿದರೆ ಎಷ್ಟು ಅನಿಲ ಬರುತ್ತದೆ? ಇದನ್ನು ಅಳೆಯಲು ಒಂದು ಉಪಕರಣ ಮಾಡಿದರು. ಆಮ್ಲ ಬೆರೆತ ನೀರು, ಪ್ಲಾಟಿನಮ್ ತಗಡುಗಳು, ಮೇಲೆ ಅನಿಲ ಹಿಡಿಯುವ ಗೆರೆ ಹಾಕಿದ ಗಾಜಿನ ನಳಿಗೆ. ತಗಡು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. ಆಮ್ಲ ಹೆಚ್ಚಿಸಿದರು, ಕಡಿಮೆ ಮಾಡಿದರು. ಅಷ್ಟೇ ವಿದ್ಯುತ್ ಹರಿದರೆ ಅಷ್ಟೇ ಅನಿಲ. ಬದಲಾಗಲಿಲ್ಲ. ಇದು ಅವರ ಮೊದಲ ನಿಯಮ. ಒಂದು ಗ್ರಾಂ ಹೈಡ್ರೋಜನ್ ಬಿಡಿಸುವ ವಿದ್ಯುತ್ ಎಂಟು ಗ್ರಾಂ ಆಮ್ಲಜನಕವನ್ನೂ ಬಿಡಿಸುತ್ತದೆ, ಬೆಳ್ಳಿಯ ದ್ರಾವಣದಲ್ಲಿ ಅದೇ ವಿದ್ಯುತ್ 108 ಗ್ರಾಂ ಬೆಳ್ಳಿಯನ್ನು ಬಿಡಿಸುತ್ತದೆ. ಇದು ಎರಡನೆಯ ನಿಯಮ. 1834ರಲ್ಲಿ ಇವು ಪ್ರಕಟವಾದವು. ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳೂ ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸರ ಸಹಾಯದಿಂದ ಆಗಲೇ ಬಂದವು.

ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಿಲ್ಲಿನಲ್ಲಿ ಪ್ರಮಾಣ, ದರ, ಮೊತ್ತ ಎಂಬ ಮೂರು ಕಾಲಂ ಇರುತ್ತವೆ. ಪ್ರಮಾಣವನ್ನು ದರದಿಂದ ಗುಣಿಸಿದರೆ ಮೊತ್ತ. ನೀರು ಒಡೆಯುವ ಬಿಲ್ಲಿನಲ್ಲಿ ಹರಿಯುವ ವಿದ್ಯುತ್ತೇ ಪ್ರಮಾಣ, ವೋಲ್ಟ್ ಎಂಬುದು ದರ, ನಾವು ಖರ್ಚು ಮಾಡುವ ಯೂನಿಟ್‌ಗಳು ಮೊತ್ತ. ಫ್ಯಾರಡೆಯ ನಿಯಮ ಪ್ರಮಾಣದ ಕಾಲಮ್ಮನ್ನು ಶಾಶ್ವತವಾಗಿ ತುಂಬಿಬಿಟ್ಟಿತು. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 26,600 ಆಂಪಿಯರ್-ಗಂಟೆ. ಇದರಲ್ಲಿ ಯಾರೂ ಚೌಕಾಸಿ ಮಾಡಲಾಗದು. ನೀರು ಬೇಕಾಗುವುದು ಸುಮಾರು 9 ಲೀಟರ್.

ಚೌಕಾಸಿ ನಡೆಯುವುದು ದರದ ಕಾಲಮ್ಮಿನಲ್ಲಿ. ಪ್ರಕೃತಿ ಕೇಳುವ ಕನಿಷ್ಠ ದರ 1.23 ವೋಲ್ಟ್. ಆ ದರದಲ್ಲಿ ಒಂದು ಕಿಲೋಗೆ ಸುಮಾರು 33 ಯೂನಿಟ್ ಸಾಕು. ಆದರೆ ನಿಜವಾದ ಯಂತ್ರ 1.8 ವೋಲ್ಟ್‌ನಲ್ಲಿ ನಡೆಯುತ್ತದೆ ಎಂದುಕೊಳ್ಳಿ, ಆಗ ಸುಮಾರು 48 ಯೂನಿಟ್. ಹೆಚ್ಚಾದ 15 ಯೂನಿಟ್ ಹೈಡ್ರೋಜನ್ ಆಗಿ ಕೈಗೆ ಬರುವುದಿಲ್ಲ. ಯೂನಿಟ್‌ಗೆ 6 ರೂಪಾಯಿ ಎಂದು ಲೆಕ್ಕ ಹಾಕಿದರೆ ಕಿಲೋಗೆ 90 ರೂಪಾಯಿ ಹೆಚ್ಚು. ಈ ಹೆಚ್ಚುವರಿಯ ದೊಡ್ಡ ಭಾಗ ಲೋಹದ ಮೇಲ್ಮೈಯಲ್ಲಿ ಕ್ರಿಯೆ ನಿಧಾನವಾಗುವುದರಿಂದ ಬರುತ್ತದೆ, ಅದರಲ್ಲೂ ಆಮ್ಲಜನಕ ಬಿಡುವ ಕಡೆಯಲ್ಲಿ. ಕ್ರಿಯೆಯನ್ನು ಸುಲಭ ಮಾಡಿ ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತುವಿಗೆ ಕ್ರಿಯಾವರ್ಧಕ ಅಥವಾ ಕ್ಯಾಟಲಿಸ್ಟ್ ಎಂದು ಹೆಸರು.

ಕ್ಯಾಟಲಿಸ್ಟ್ ಎಂಬ ಪದ ಚಾಲ್ತಿಗೆ ಬರುವ ಮೊದಲೇ ಫ್ಯಾರಡೆ ಅದರ ಮೇಲೂ ಕೆಲಸ ಮಾಡಿದ್ದರು. ಅದಕ್ಕೆ ಕಾರಣ ಒಂದು ಲೆಕ್ಕದ ವ್ಯತ್ಯಾಸ. ನಳಿಗೆಯಲ್ಲಿ ಹಿಡಿದಿಟ್ಟ ಹೈಡ್ರೋಜನ್ ಮತ್ತು ಆಮ್ಲಜನಕದ ಮಿಶ್ರಣ, ಬ್ಯಾಟರಿ ತೆಗೆದ ಮೇಲೆ, ನಿಧಾನವಾಗಿ ಕಡಿಮೆಯಾಗುತ್ತಿತ್ತು. ಸೋರಿಕೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಣ್ಣ ವ್ಯತ್ಯಾಸ ಎಂದು ಬಿಟ್ಟುಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. ಹುಡುಕಿದಾಗ ಕಳ್ಳ ಸಿಕ್ಕಿದ್ದು ಪ್ಲಾಟಿನಮ್ ತಗಡು. ಎರಡು ಅನಿಲಗಳನ್ನು ತನ್ನ ಮೈಮೇಲೆ ಸೇರಿಸಿ ಅದು ಮತ್ತೆ ನೀರು ಮಾಡುತ್ತಿತ್ತು. ಪ್ಲಾಟಿನಮ್‌ಗೆ ಇಂಥ ಗುಣ ಇದೆ ಎಂದು ಜರ್ಮನಿಯ ಡೊಬೆರೈನರ್ 1823ರಲ್ಲೇ ತೋರಿಸಿದ್ದರು. ಫ್ಯಾರಡೆ ತಗಡನ್ನು ಆಮ್ಲದಲ್ಲಿ, ಕ್ಷಾರದಲ್ಲಿ, ಬೆಂಕಿಯಲ್ಲಿ ಶುದ್ಧ ಮಾಡಿ ಮತ್ತೆ ಮತ್ತೆ ಪರೀಕ್ಷಿಸಿದರು. ತಗಡು ಪೂರ್ತಿ ಸ್ವಚ್ಛವಾಗಿದ್ದರೆ ಕೆಲಸ ಜೋರು, ಕೊಳೆಯಾದರೆ ನಿಲ್ಲುತ್ತದೆ. ಅಂದರೆ ಕೆಲಸ ಮಾಡುವುದು ಲೋಹದ ಮೇಲ್ಮೈ ಎಂಬುದನ್ನು ಅವರು ಸ್ಪಷ್ಟಪಡಿಸಿದರು.

ಇಂದು ಅಗ್ಗದ ಲೋಹ ಹುಡುಕುವವರು ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಆಮ್ಲೀಯ ವಾತಾವರಣದಲ್ಲಿ ನಡೆಯುವ ಯಂತ್ರಗಳಿಗೆ ಒಂದು ಕಡೆ ಪ್ಲಾಟಿನಮ್, ಇನ್ನೊಂದು ಕಡೆ ಇರಿಡಿಯಂ ಬೇಕು. ಇರಿಡಿಯಂ ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಕೆಲವೇ ಟನ್ ಸಿಗುತ್ತದೆ, ಅದರಲ್ಲಿ ಹೆಚ್ಚಿನದು ದಕ್ಷಿಣ ಆಫ್ರಿಕಾದಿಂದ. ಆದರೆ ಕ್ಷಾರೀಯ ನೀರಿನಲ್ಲಿ ನಿಕ್ಕಲ್ ತುಕ್ಕು ಹಿಡಿಯದೆ ನಿಲ್ಲುತ್ತದೆ. ನಿಕ್ಕಲ್ ಬಳಸುವ ಇಂಥ ಕ್ಷಾರೀಯ ಯಂತ್ರಗಳು ಕಾರ್ಖಾನೆಗಳಲ್ಲಿ ನಡೆದದ್ದು ಹೊಸ ಸಂಗತಿಯೇನಲ್ಲ. ನಮ್ಮ ದೇಶದಲ್ಲೇ 1960ರ ದಶಕದಲ್ಲಿ ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ ಭಾಕ್ರಾದ ವಿದ್ಯುತ್ತಿನಿಂದ ನೀರು ಒಡೆದು ಹೈಡ್ರೋಜನ್ ಮಾಡುತ್ತಿತ್ತು. ಇನ್ನೊಂದು ಆಶ್ಚರ್ಯ ಕೇಳಿ. ನಿಕ್ಕಲ್ ಜೊತೆ ಸ್ವಲ್ಪ ಕಬ್ಬಿಣ ಸೇರಿದರೆ ಆಮ್ಲಜನಕ ಬಿಡುವ ಕಷ್ಟದ ಕೆಲಸ ಇನ್ನಷ್ಟು ಸುಲಭವಾಗುತ್ತದೆ. ನನ್ನ ಗೆಳತಿಯ ಲೋಟದಲ್ಲಿ ಒಂಟಿಯಾಗಿ ಸೋತ ಕಬ್ಬಿಣ, ಜೊತೆ ಸಿಕ್ಕಾಗ ಗೆಲ್ಲುತ್ತದೆ. ಕೋಬಾಲ್ಟ್, ಮಾಲಿಬ್ಡಿನಮ್ ಸಂಯುಕ್ತಗಳ ಮೇಲೂ ಸಂಶೋಧನೆ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ನೀರಿನಿಂದ ಹೈಡ್ರೋಜನ್ ತೆಗೆಯಲು ಮಾಲಿಬ್ಡಿನಮ್ ಸಲ್ಫೈಡ್ ಬಳಸುವ ಬಗ್ಗೆ ಕೆಲಸ ಮಾಡಿದೆ. 2023ರಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಈ ಹಣದ ಫಲ ಬಹಳ ಮಟ್ಟಿಗೆ ದರದ ಕಾಲಮ್ಮಿನಲ್ಲಿ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಇಷ್ಟು ಕೆಲಸ ಮಾಡಿದ ಫ್ಯಾರಡೆ ಶ್ರೀಮಂತರಾದರೇ? ಇಲ್ಲ. 1830ರಲ್ಲಿ ಕಂಪನಿಗಳಿಗೆ ರಾಸಾಯನಿಕ ಪರೀಕ್ಷೆ, ಸಲಹೆ ಕೊಟ್ಟು ಒಂದೇ ವರ್ಷ ಸಾವಿರ ಪೌಂಡಿಗಿಂತ ಹೆಚ್ಚು ಗಳಿಸಿದ್ದರು. ಸಂಸ್ಥೆಯಿಂದ ಅವರಿಗೆ ಬರುತ್ತಿದ್ದದ್ದು ವರ್ಷಕ್ಕೆ ನೂರು ಪೌಂಡ್, ಜೊತೆಗೆ ಮನೆ, ಕಲ್ಲಿದ್ದಲು, ಮೇಣದಬತ್ತಿ. ಸಂಶೋಧನೆಗೆ ಸಮಯ ಸಾಲದು ಎಂದು ಆ ದೊಡ್ಡ ಆದಾಯವನ್ನು ಬಿಟ್ಟರು. ಅವರು ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಗಡದ ಶ್ರದ್ಧಾವಂತರು. ಸಂಪತ್ತು ಕೂಡಿಡುವುದು ಸರಿಯಲ್ಲ ಎಂಬುದು ಆ ಪಂಗಡದ ನಂಬಿಕೆ. ತಮ್ಮ ಸಭೆಯಲ್ಲಿ ಅವರು ಎರಡು ಬಾರಿ ಹಿರಿಯರಾಗಿ ಸೇವೆ ಮಾಡಿದರು. ಸರ್ ಪದವಿ ಬೇಡ ಎಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಬೇಡ ಎಂದರು.

ಕಾಮರ್ಸ್ ಓದುವ ನನಗೆ ಈ ನಿರ್ಧಾರ ಮೊದಲು ಒಪ್ಪಿಗೆಯಾಗಲಿಲ್ಲ. ಲಾಭ ಬರುವುದನ್ನು ಬಿಡುವುದು ನಷ್ಟವಲ್ಲವೇ? ಆಮೇಲೆ ಯೋಚಿಸಿದೆ. ಅವರು ಆ ಹಣದ ಹಿಂದೆ ಹೋಗಿದ್ದರೆ 1831 ಮತ್ತು 1834ರ ಕೆಲಸಕ್ಕೆ ಸಮಯ ಇರುತ್ತಿತ್ತೇ? ಆ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಮಕ್ಕಳಿಗೆ ವಿಜ್ಞಾನ ಹೇಳುವುದು ಅವರಿಗೆ ಬಹಳ ಇಷ್ಟ. 1826ರ ಹೊತ್ತಿಗೆ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳನ್ನು ಅವರು ಹತ್ತೊಂಬತ್ತು ಬಾರಿ ಕೊಟ್ಟರು. ಕೊನೆಯದು 1860-61ರಲ್ಲಿ, ಒಂದು ಮೇಣದಬತ್ತಿಯ ಬಗ್ಗೆ. ಬತ್ತಿ ಉರಿದಾಗ ನೀರು ಹುಟ್ಟುತ್ತದೆ ಎಂದು ತೋರಿಸಿ, ಆ ನೀರಿನಲ್ಲಿ ಏನಿದೆ ಎಂದು ತಿಳಿಸಲು ವಿದ್ಯುತ್ತಿನಿಂದ ನೀರು ಒಡೆದರು. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ನಾಣ್ಯಗಳ ಬ್ಯಾಟರಿ ಮಾಡಿದ ಹುಡುಗನಿಗೆ ಆಗ ಅರವತ್ತೊಂಬತ್ತು ವರ್ಷ.

ಕೊನೆಯ ವರ್ಷಗಳಲ್ಲಿ ನೆನಪಿನ ಶಕ್ತಿ ಕುಂದಿತು. ರಾಣಿ ವಿಕ್ಟೋರಿಯಾ ವಾಸಕ್ಕೆ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟ್ ಮನೆಯಲ್ಲಿ 1867ರ ಆಗಸ್ಟ್ 25ರಂದು ಅವರು ನಿಧನರಾದರು. ದೊಡ್ಡವರನ್ನು ಸಮಾಧಿ ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅವರಿಗೆ ಬೇಡವಾಗಿತ್ತು. ಹೈಗೇಟ್ ಸ್ಮಶಾನದಲ್ಲಿ ಒಂದು ಸಾದಾ ಕಲ್ಲಿನ ಕೆಳಗೆ ಮಲಗಿದ್ದಾರೆ.

ಈ ಲೇಖನವನ್ನು ಭಾಯಿಜಾನ್‌ಗೆ ಉರ್ದುವಿನಲ್ಲಿ ಓದಿ ಹೇಳಿದೆ. ಅವನು ದಿನವೂ ಆಕ್ಸಿಜನ್ ಸಿಲಿಂಡರ್ ಜೊತೆ ಕೆಲಸ ಮಾಡುವವನು. ಮೊಳೆಯ ಬದಲು ನಿಕ್ಕಲ್ ತಗಡು ಬೇಕಾದರೆ ತಂದುಕೊಡುತ್ತೇನೆ, ಮುಂದಿನ ಪ್ರದರ್ಶನಕ್ಕೆ ನಿನ್ನ ಗೆಳತಿಗೆ ಕೊಡು ಎಂದ. ತಂದ ಮೇಲೆ ಬೆಲೆ ಎಷ್ಟಾಯಿತು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ.